ಚೀನೀ ಇಂಜಿನಿಯರುಗಳಿಗೆ ಇಂಗ್ಲಿಷಿನ ‘ರನ್’ ಕಲಿಸೋದು: ಎಲ್ಲಿಂದ ಶುರು ಮಾಡ್ಬೇಕು?

ಪ್ರಶ್ನೆ: ವಿದ್ಯಾನಗರ ಟೀಚರ್, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ಪ್ಯಾಕಿಂಗ್ ಮಷಿನ್ ಮಾಡೋ ಚೀನಾದ ಒಂದು ಕಂಪನಿಯ ಸರ್ವಿಸ್ ಇಂಜಿನಿಯರುಗಳಿಗೆ ಆನ್‌ಲೈನ್ ಇಂಗ್ಲಿಷ್ ಕ್ಲಾಸ್ ತಗೋತೀನಿ. ಮೂರನೇ ಇಯತ್ತೆಯಿಂದ ಇಂಗ್ಲಿಷ್ ಓದಿದವರು, ಅಲ್ಲಿನ ಕಾಲೇಜು ಇಂಗ್ಲಿಷ್ ಪರೀಕ್ಷೆಯ ನಾಲ್ಕನೇ ಹಂತ ಪಾಸಾದವರು. ವ್ಯಾಕರಣ ಚೆನ್ನಾಗಿ ಗೊತ್ತು. ಆದರೆ ‘ರನ್’ ಬಂದಲ್ಲೆಲ್ಲ ಎಡವುತ್ತಾರೆ.

ಶಾಲೆಯಲ್ಲಿ ಅವರಿಗೆ ಹೇಳಿಕೊಟ್ಟಿದ್ದು ಒಂದೇ ಅರ್ಥ: ರನ್ ಅಂದರೆ ಪಾವ್, ಕಾಲಿಂದ ಓಡೋದು. ಈಗ ಅವರದೇ ಮಷಿನ್ನಿನ ಇಂಗ್ಲಿಷ್ ಮ್ಯಾನ್ಯುಅಲ್ ತೆಗೆದರೆ ‘ಟ್ರಯಲ್ ರನ್’, ‘ರನ್ ದ ಕೇಬಲ್ ಅಲಾಂಗ್ ದ ಫ್ರೇಮ್’, ‘ಡು ನಾಟ್ ರನ್ ದ ಪಂಪ್ ಡ್ರೈ’, ‘ಬಿಫೋರ್ ದ ರೋಲ್ ರನ್ಸ್ ಔಟ್’, ‘ಚೆಕ್ ಶಾಫ್ಟ್ ರನ್‌ಔಟ್’, ಎಲ್ಲಾ ಒಂದೆರಡು ಪುಟದಲ್ಲೇ ಬರ್ತಾವೆ. ಇನ್ನು ಮಾತಾಡುವಾಗ ‘ರನ್’ ಬೇಕಾದ ಕಡೆ ‘ಓಪನ್ ದ ಮಷಿನ್’ ಅಂತಾರೆ, ಬೇಡವಾದ ಕಡೆ ‘ದ ಆಯಿಲ್ ರನ್ಸ್’ ಅಂತಾರೆ. ಇವರು ಮುಂದೆ ನಮ್ಮ ಕಡೆಯ ಘಟಕಗಳಿಗೂ ಬಂದು ಮಷಿನ್ ಕೂಡಿಸುವವರು. ಎದುರಿಗೆ ನಿಲ್ಲೋರು ನಮ್ಮ ಫಿಟ್ಟರ್, ವೈರ್‌ಮನ್‌ಗಳು.

ನಿಘಂಟಿನ ಪಟ್ಟಿ ಕೊಡೋದೋ, ಎಲ್ಲಕ್ಕೂ ಒಂದು ಮೂಲ ಅರ್ಥ ಹಿಡಿದು ಹೋಗೋದೋ? ಯಾವ ಅರ್ಥ ಮೊದಲು, ಯಾವುದು ಆಮೇಲೆ? ಶಾಪ್‌ಫ್ಲೋರ್‌ನಲ್ಲಿ ಅನಾಹುತ ಮಾಡೋ ತಪ್ಪು ಯಾವುವು? ಗೊತ್ತಿದ್ದವರು ಹೇಳ್ರಿ.

ಉತ್ತರ: ಸಪ್ತಾಪುರ ಮಾಸ್ತರ, ಧಾರವಾಡ

ಮೇಡಂ, ಪಟ್ಟಿ ಮಾತ್ರ ಕೊಡಬೇಡಿ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನವರು ‘ರನ್’ ಕ್ರಿಯಾಪದ ಒಂದಕ್ಕೇ 645 ಅರ್ಥ ಬಿಡಿಸಿಟ್ಟಿದ್ದಾರೆ. 1989ರ ಆವೃತ್ತಿಯಲ್ಲಿ ‘ಸೆಟ್’ ಎಲ್ಲಕ್ಕಿಂತ ಮುಂದಿತ್ತು, ಅದನ್ನೂ ಇದು ಹಿಂದೆ ಹಾಕಿತು. ನಿಮ್ಮವರಿಗೆ ಬೇಕಾದದ್ದು ಹೆಚ್ಚೆಂದರೆ ಹದಿನೈದು.

ಮೊದಲು ನೋಡಬೇಕಾದ್ದು ಇಂಗ್ಲಿಷನ್ನಲ್ಲ, ಅವರ ಭಾಷೆಯನ್ನು. ಇಂಗ್ಲಿಷಿನಲ್ಲಿ ‘ರನ್’ ಒಬ್ಬನೇ ಹೊರುವ ಹೊರೆಯನ್ನು ಚೀನೀ ಭಾಷೆಯಲ್ಲಿ ನಾಲ್ಕಾರು ಕ್ರಿಯಾಪದ ಹಂಚಿಕೊಂಡಿವೆ. ಮನುಷ್ಯ, ಕುದುರೆ ಓಡಿದರೆ ಪಾವ್. ಮೋಟರ್, ಚಕ್ರ ತಿರುಗಿದರೆ ಜುವಾನ್. ನೀರು ಹರಿದರೆ ಲಿಯೋ. ಮಷಿನ್ ಅಥವಾ ವ್ಯವಸ್ಥೆ ಕೆಲಸದಲ್ಲಿದೆ ಅಂತ ಬರವಣಿಗೆಯಲ್ಲಿ ಹೇಳಲು ಯುನ್‌ಶಿಂಗ್. ಚೀನೀ ಕಂಟ್ರೋಲ್ ಪ್ಯಾನಲ್ಲಿನ ದೀಪದ ಕೆಳಗೆ ಇರೋದು ಇದೇ. ಕೇಬಲ್ ಹಾಕೋದಕ್ಕೆ ಲಾ, ಅಂದರೆ ಎಳೆಯೋದು. ನಾವೂ ವೈರ್ ಎಳೀತೀವಲ್ಲ, ಹಾಗೇ. ಸಾಮಾನು ಮುಗಿದರೆ ಯೊಂಗ್‌ವಾನ್, ಬಳಸಿ ತೀರಿತು ಅಂತ.

ಇವೆಲ್ಲಕ್ಕಿಂತ ತಂಟೆ ಕೊಡೋದು ಕಾಯ್. ಮೂಲದಲ್ಲಿ ‘ತೆರೆ’. ಬಾಗಿಲು ತೆಗೆಯೋದು ಕಾಯ್, ದೀಪ ಹಚ್ಚೋದು ಕಾಯ್, ಕಾರು ನಡೆಸೋದು ಕಾಯ್, ಅಂಗಡಿ ತೆಗೆಯೋದು ಕಾಯ್, ಮೀಟಿಂಗ್ ನಡೆಸೋದೂ ಕಾಯ್. ಇಂಗ್ಲಿಷಿನಲ್ಲಿ ಮಷಿನ್, ಅಂಗಡಿ, ಮೀಟಿಂಗ್ ಮೂರಕ್ಕೂ ‘ರನ್’ ಬರುತ್ತದೆ. ಅವರ ಬಾಯಲ್ಲಿ ಮೂರಕ್ಕೂ ‘ಓಪನ್’ ಬರುತ್ತದೆ. ಇದರ ಜೋಡಿ ಗ್ವಾನ್, ಅಂದರೆ ಮುಚ್ಚು ಮತ್ತು ಆರಿಸು. ಈ ಎರಡನೆಯದು ಹುಬ್ಬಳ್ಳಿ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಬಾಗಿಲನ್ನೂ ಬಂದ್ ಮಾಡ್ತೀವಿ, ಫ್ಯಾನನ್ನೂ ಬಂದ್ ಮಾಡ್ತೀವಿ. ನಮ್ಮ ಹುಡುಗರು ‘ಕ್ಲೋಸ್ ದ ಫ್ಯಾನ್’ ಅನ್ನೋದು ಅದಕ್ಕೇ.

ಇನ್ನೊಂದು ಗಂಟು ಇದೆ, ಕನ್ನಡದಲ್ಲಿ ಯೋಚಿಸುವ ಟೀಚರ್‌ಗೆ ಅದು ಕಣ್ಣಿಗೇ ಬೀಳೋದಿಲ್ಲ. ನಮಗೆ ಓಡು–ಓಡಿಸು, ನಡೆ–ನಡೆಸು ಬೇರೆ ಬೇರೆ. ತಾನೇ ಆಗೋದು ಯಾವುದು, ಮಾಡಿಸೋದು ಯಾವುದು ಅನ್ನೋದನ್ನು ‘ಇಸು’ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ‘ದ ಮಷಿನ್ ಈಸ್ ರನ್ನಿಂಗ್’, ‘ಐ ಆಮ್ ರನ್ನಿಂಗ್ ದ ಮಷಿನ್’ ಎರಡಕ್ಕೂ ಒಂದೇ ರೂಪ. ಪಾವ್ ಅನ್ನೋದನ್ನೇ ಮನಸ್ಸಲ್ಲಿಟ್ಟುಕೊಂಡವನಿಗೆ ‘ರನ್’ ಆದಮೇಲೆ ಕರ್ಮಪದ ಬರಬಹುದು ಅಂತ ನಂಬಿಕೆಯೇ ಬರೋದಿಲ್ಲ. ಅದಕ್ಕೇ ‘ಮೇಕ್ ದ ಮಷಿನ್ ರನ್’ ಅಂತ ಸುತ್ತಿ ಬರುತ್ತಾನೆ, ಇಲ್ಲವೇ ‘ಓಪನ್’ ಹಿಡಿಯುತ್ತಾನೆ. ಆದ್ದರಿಂದ ಮೊದಲ ಪಾಠ ಇದೇ ಆಗಲಿ: ‘ರನ್’ ಆದಮೇಲೆ ಏನು ಬಂತು ನೋಡು. ಏನೂ ಇಲ್ಲದಿದ್ದರೆ ತಾನಾಗಿ ನಡೀತಿದೆ. ನಾಮಪದ ಬಂದರೆ ಯಾರೋ ನಡೆಸ್ತಿದ್ದಾರೆ. ‘ಔಟ್’, ‘ಆಫ್’, ‘ಡ್ರೈ’, ‘ಲೋ’ ತರಹದ ಬಾಲ ಬಂದರೆ ಅರ್ಥ ಬಾಲದಲ್ಲಿದೆ, ತಲೆಯಲ್ಲಿಲ್ಲ.

ಎರಡನೇ ಪಾಠದಲ್ಲಿ ಕರ್ತೃಪದ. ಓಡುತ್ತಿರುವುದು ಏನು? ಮಷಿನ್ನೋ, ದ್ರವವೋ, ಕೇಬಲ್ಲೋ, ಅವಧಿಯೋ? ‘ದ ವಾರಂಟಿ ರನ್ಸ್ ಫಾರ್ ಟ್ವೆಲ್ವ್ ಮಂತ್ಸ್’ನಲ್ಲಿ ಓಡೋದು ಕಾಲ. ‘ದ ಕೇಬಲ್ ರನ್ಸ್ ಅಂಡರ್ ದ ಫ್ಲೋರ್’ನಲ್ಲಿ ಏನೂ ಕದಲೋದಿಲ್ಲ, ಹಾದುಹೋಗಿರುವ ದಾರಿ ಮಾತ್ರ ಇದೆ. ‘ಚಿಗರಿ ಬಸ್ ರನ್ಸ್ ಬಿಟ್ವೀನ್ ಹುಬ್ಬಳ್ಳಿ ಅಂಡ್ ಧಾರವಾಡ’ ಅಂದಾಗ ಬಸ್ಸು ಈ ಕ್ಷಣ ನಿಂತಿರಲೂಬಹುದು, ಹೇಳಿದ್ದು ನಿತ್ಯದ ಸಂಚಾರ. ನೀವು ಕೇಳಿದ ಮೂಲ ಅರ್ಥ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಒಂದು ದಾರಿ ಹಿಡಿದು ತಡೆಯಿಲ್ಲದೆ ಸಾಗೋದು. ಅರ್ಥವಾದದ್ದನ್ನು ನೆನಪಿಡಲಿಕ್ಕೆ ಅದು ಒಳ್ಳೆಯದು. ಆದರೆ ಹೊಸ ವಾಕ್ಯ ಕಟ್ಟಲಿಕ್ಕೆ ಸಾಲದು, ಅದರಿಂದ ‘ರನ್ ಔಟ್’ ಯಾರಿಗೂ ಹೊಳೆಯೋದಿಲ್ಲ.

ಕ್ಲಾಸಿಗೆ ಸಾಮಗ್ರಿ ಬೇಕಾದರೆ ಅವರದೇ ಸರ್ವಿಸ್ ಲಾಗ್ ತರಿಸಿ. ಒಬ್ಬೊಬ್ಬರು ಚೀನೀ ಭಾಷೆಯ ಹತ್ತು ವಾಕ್ಯ ತರಲಿ, ಪಾವ್, ಕಾಯ್, ಜುವಾನ್, ಯುನ್‌ಶಿಂಗ್ ಬಂದಲ್ಲಿ ಗೆರೆ ಎಳೀಲಿ, ಇಂಗ್ಲಿಷಿಗೆ ತಿರುಗಿಸಲಿ. ಕಾರ್ಡ್ ಮಾಡಿಸುವುದಿದ್ದರೆ ಒಂದು ಬದಿ ಸನ್ನಿವೇಶ, ಇನ್ನೊಂದು ಬದಿ ಪೂರ್ತಿ ವಾಕ್ಯ. ಒಂದು ಪದದ ಎದುರು ಒಂದು ಪದ ಬರೆದರೆ ಮತ್ತೆ ಶಾಲೆಯ ‘ರನ್ ಅಂದರೆ ಪಾವ್’ಗೇ ವಾಪಸ್. ಒಂದು ಕ್ಲಾಸಿಗೆ ಮೂರು ಬಳಕೆ ಸಾಕು.

ಉತ್ತರ: ಮೆಂಟೆನನ್ಸ್ ಬ್ಯಾಡಗಿ, ಹಾವೇರಿ ಜಿಲ್ಲೆ

ಮಾಸ್ತರು ಹೇಳಿದ್ದು ಖರೇ. ಆದ್ರ ಪಾವ್ ಅಂದ್ರ ಕಾಲಿಂದ ಓಡೋದು ಅಷ್ಟ ಅಲ್ರಿ. ಚೀನಾದ ಫ್ಯಾಕ್ಟರಿಯೊಳಗ ಪಾವ್ ಅಂದ್ರ ಭಾಳ ಸಲ ‘ತಪ್ಪಿಸ್ಕೊಂಡು ಹೋತು’ ಅಂತ. ಅನಾಹುತ ಇರೋದ ಅಲ್ಲಿ.

ಬೆಲ್ಟ್ ಆಗ್ಲಿ, ಪ್ಯಾಕಿಂಗ್ ಫಿಲ್ಮ್ ಆಗ್ಲಿ ಒಂದ ಬದಿಗೆ ಸರದ್ರ ಅವ್ರು ಪಾವ್‌ಪಿಯೆನ್ ಅಂತಾರ, ಓಡಿ ವಾರಿ ಆತು ಅಂದಂಗ. ಎಣ್ಣಿ ಸೋರಿದ್ರ ಪಾವ್‌ಯೋ. ಗಾಳಿ ಸೋರಿದ್ರ ಪಾವ್‌ಚಿ. ಅಲ್ಲಿನ ಫ್ಯಾಕ್ಟರಿ ಗ್ವಾಡಿ ಮ್ಯಾಲ ಪಾವ್-ಮಾವ್-ದೀ-ಲೋ ಅಂತ ನಾಕು ಪದ ಒಟ್ಟಿಗೆ ಬರ್ದಿರ್ತಾರ: ಹರದು ಹೋಗೋದು, ಉಕ್ಕಿ ಬರೋದು, ತೊಟ್ಟಿಕ್ಕೋದು, ಸೋರೋದು. ಇವನ್ನ ತಲಿಯೊಳಗಿಟ್ಕೊಂಡು ಇಂಜಿನಿಯರು ಫೋನಿನ್ಯಾಗ ‘ದ ಬೆಲ್ಟ್ ರನ್ಸ್’, ‘ದ ಆಯಿಲ್ ರನ್ಸ್’ ಅಂದ ಅಂದ್ರ ನಮ್ಮ ಆಪರೇಟರು ‘ಹಾಂ, ಬೆಲ್ಟ್ ಓಡಾಕತ್ತೈತಿ, ಆಯಿಲ್ ಹರಿಯಾಕತ್ತೈತಿ, ಎಲ್ಲಾ ಬರೋಬ್ಬರಿ’ ಅಂತ ತಿಳ್ಕೋತಾನ. ಅಂವ ಹೇಳಿದ್ದು ತಕರಾರು, ಇಂವ ಕೇಳಿದ್ದು ಓಕೆ.

ಹಿಂಗಾಗಿ ಈ ಮೂರಕ್ಕ ‘ರನ್’ ಪೂರ್ತಿ ಬಿಡಸ್ರಿ. ಎಣ್ಣಿ, ಗಾಳಿಗೆ ‘ಲೀಕಿಂಗ್’, ಹನಿ ಹನಿ ಬಿದ್ರ ‘ಡ್ರಿಪ್ಪಿಂಗ್’. ಬೆಲ್ಟ್, ಫಿಲ್ಮಿಗೆ ‘ಡ್ರಿಫ್ಟಿಂಗ್’, ಜೋಡಿಗೆ ಯಾವ ಬದಿ, ಎಷ್ಟು ಅಂತ ಹೇಳಸ್ರಿ: ‘ದ ಫಿಲ್ಮ್ ಈಸ್ ಡ್ರಿಫ್ಟಿಂಗ್ ಲೆಫ್ಟ್, ಫೈವ್ ಮಿಲಿಮೀಟರ್ಸ್’. ಎಡ ಅಂದ್ರ ಯಾರ ಎಡ? ಫಿಲ್ಮ್ ಹೋಗೋ ದಿಕ್ಕಿಗೆ ಮುಖ ಮಾಡಿ ನಿಂತಾಗಿನ ಎಡ ಅಂತ ಮೊದಲ ಗೊತ್ತು ಮಾಡ್ಕೋಬೇಕು. ಇಲ್ಲಾಂದ್ರ ಇನ್ನೊಂದು ಜಗಳ.

ನಮ್ಮ ಮೆಣಸಿನಕಾಯಿ ಪುಡಿ ಪ್ಯಾಕಿಂಗ್ ತಗೋರಿ. ಫಿಲ್ಮ್ ರೋಲಿನಿಂದ ಡ್ಯಾನ್ಸರ್ ರೋಲರ್ (ಫಿಲ್ಮ್ ಬಿಗಿ ಹಿಡಿಯೋದು), ಅಲ್ಲಿಂದ ಐ-ಮಾರ್ಕ್ ಸೆನ್ಸರ್ (ಫಿಲ್ಮ್ ಮ್ಯಾಲಿನ ಅಚ್ಚಿನ ಗುರುತು ನೋಡೋದು), ಫಾರ್ಮಿಂಗ್ ಕಾಲರ್ (ಫಿಲ್ಮನ್ನ ಕೊಳವಿ ಆಕಾರಕ್ಕ ಮಡಚೋದು), ಉದ್ದಸೀಲು, ಕಡೀಕ ಅಡ್ಡಸೀಲು ಒತ್ತೋ ಜಾ (ದವಡಿ). ಈ ದಾರಿಯೊಳಗ ಫಿಲ್ಮ್ ಬಗ್ಗೆ ನಾಕು ಮಾತು ಬರ್ತಾವು. ‘ದ ಫಿಲ್ಮ್ ಈಸ್ ರನ್ನಿಂಗ್’ ಅಂದ್ರ ಛಲೋ ನಡದೈತಿ. ‘ರನ್ನಿಂಗ್ ಲೋ’ ಅಂದ್ರ ರೋಲ್ ಕಮ್ಮಿ ಆಗೈತಿ, ಹೊಸಾದು ತಯಾರಿಡು. ‘ಹ್ಯಾಸ್ ರನ್ ಔಟ್’ ಅಂದ್ರ ಖಾಲಿ. ‘ರನ್ನಿಂಗ್ ಆಫ್’ ಅಂದ್ರ ವಾರಿ ಆಗೈತಿ. ಗ್ರೈಂಡರ್ ಸಪ್ಪಳದೊಳಗ ಕಡೀ ಸಣ್ಣ ಪದ ಹಾರಿ ಹೋದ್ರ ನಾಕೂ ಒಂದ. ವಾರಿ ಆಗಿದ್ದನ್ನ ಯಾರೂ ನೋಡ್ಲಿಲ್ಲಾಂದ್ರ ಉದ್ದಸೀಲಿನ್ಯಾಗ 10 ಮಿಲಿಮೀಟರ್ ಇರಬೇಕಾದ ಮಡಿಕಿ 4ಕ್ಕೋ 5ಕ್ಕೋ ಇಳೀತೈತಿ, ಪಾಕೀಟು ಹಿಂದಿನಿಂದ ಬಿಚ್ಕೋತೈತಿ. ಮ್ಯಾಲ ಸೀಲಿನ್ಯಾಗ ಪುಡಿ ಸಿಕ್ರಂತೂ ಎಷ್ಟು ಬಿಸಿ ಏರಿಸಿದ್ರೂ ಅಂಟಂಗಿಲ್ಲ. ಅದಕ್ಕ ‘ರನ್ ಆಫ್’ ಬದ್ಲಿ ‘ಡ್ರಿಫ್ಟ್’, ‘ರನ್ ಔಟ್’ ಬದ್ಲಿ ‘ಫಿನಿಶ್ಡ್’ ಅಥವಾ ‘ಎಂಪ್ಟಿ’ ಅನ್ನೋದು ಗಟ್ಟಿ. ಓದೋವಾಗ ಎಲ್ಲಾ ತಿಳೀಲಿ, ಮಾತಾಡೋವಾಗ ಸಪ್ಪಳದೊಳಗ ಉಳಿಯೋ ಪದ ಆಡ್ಲಿ.

ಇನ್ನೊಂದು ರೂಢಿ ಕ್ಲಾಸಿನ್ಯಾಗ ಹಚ್ಚರಿ. ಸೂಚನಾ ಕೇಳಿದವ ಅದನ್ನ ತಿರುಗಿ ಹೇಳ್ಬೇಕು, ಆದ್ರ ಅದ ಪದದೊಳಗ ಅಲ್ಲ. ‘ರನ್ ಇಟ್ ಎಂಪ್ಟಿ ಫಾರ್ ಟೆನ್ ಮಿನಿಟ್ಸ್’ ಅಂದ್ರ ಅವ್ರು ‘ಸ್ಟಾರ್ಟ್, ನೋ ಪೌಡರ್, ಸ್ಟಾಪ್ ಆಫ್ಟರ್ ಟೆನ್ ಮಿನಿಟ್ಸ್’ ಅನ್ಬೇಕು. ಬರೇ ‘ಯೆಸ್, ರನ್, ಓಕೆ’ ಅಂದ್ರ ಒಪ್ಪಬ್ಯಾಡ್ರಿ.

ಉತ್ತರ: ವೈಂಡಿಂಗ್ ಅಂಡ್ ಪ್ಯಾನಲ್, ಗದಗ

ಟೀಚರ್ರ, ಕರೆಂಟಿನ ಕಡೆ ಇರೋ ಮೂರು ತಪ್ಪು ಹೇಳ್ತೀನಿ. ಮೂರೂ ಜೀವಕ್ಕ ಸಂಬಂಧಪಟ್ಟಿದ್ದು, ಇವನ್ನ ಮೊದಲನೇ ವಾರದಾಗ ಮುಗಸ್ರಿ.

‘ಓಪನ್ ದ ಮಷಿನ್’. ಅವ್ರ ಮನಸ್ಸಿನ್ಯಾಗ ಕಾಯ್‌ಜಿ, ಅಂದ್ರ ಮಷಿನ್ ಚಾಲೂ ಮಾಡು. ನಮ್ಮ ಫಿಟ್ಟರ್ ಕೇಳೋದು ‘ಗಾರ್ಡ್ ಬಿಚ್ಚು’. ಇಂವ ಕವರ್ ತಗದು ಕೈ ಹಾಕಿದಾಗ ಅಂವ ಬಟನ್ ಒತ್ತಿದ್ರ ಮುಗೀತು. ‘ಓಪನ್’ ಬರೇ ಬಾಗ್ಲಾ, ಗಾರ್ಡ್, ವಾಲ್ವಿಗೆ ಅಂತ ಕಟ್ಟಾಕ್ರಿ. ಮಷಿನ್ನಿಗೆ ‘ಸ್ಟಾರ್ಟ್’ ಮತ್ತ ‘ಸ್ಟಾಪ್’.

ಅದಕ್ಕಿಂತ ಕೆಟ್ಟದ್ದು ‘ಕ್ಲೋಸ್ ದ ಸ್ವಿಚ್’. ಗ್ವಾನ್ ಅಂದ್ರ ಆರಿಸು ಅನ್ನೋ ಲೆಕ್ಕದಾಗ ಅವ್ರು ಹೇಳೋದು ‘ಬಂದ್ ಮಾಡು’. ಆದ್ರ ಎಲೆಕ್ಟ್ರಿಕಲ್ ಇಂಗ್ಲಿಷಿನ್ಯಾಗ ಬ್ರೇಕರ್ ‘ಕ್ಲೋಸ್’ ಅಂದ್ರ ಕಾಂಟ್ಯಾಕ್ಟ್ ಕೂಡಿ ಕರೆಂಟ್ ಹರಿಯೋದು, ‘ಓಪನ್’ ಅಂದ್ರ ಕಡಿಯೋದು. ಪೂರ್ತಿ ಉಲ್ಟಾ. ಅವ್ರ ಎಲೆಕ್ಟ್ರಿಷಿಯನ್ನರ ಭಾಷಾದಾಗ ಇದಕ್ಕ ಬ್ಯಾರೆ ಪದಾನ ಅದಾವು: ಕೂಡಿಸೋದಕ್ಕ ಹಜಾ, ಬಿಡಿಸೋದಕ್ಕ ಫೆನ್‌ಜಾ. ಆ ಎರಡು ಪದದಿಂದ ಶುರು ಮಾಡಿದ್ರ ಅವ್ರಿಗೆ ತಟ್ಟನ ತಿಳೀತೈತಿ. ಬಾಯಿಮಾತಿಗೆ ಮಾತ್ರ ‘ಸ್ವಿಚ್ ಆನ್’, ‘ಸ್ವಿಚ್ ಆಫ್’ ಬಿಟ್ಟು ಬ್ಯಾರೆ ಬ್ಯಾಡ. ಆಫ್ ಆದಮ್ಯಾಲ ‘ಲಾಕ್ಡ್, ಟ್ಯಾಗ್ಡ್, ಟೆಸ್ಟೆಡ್’ (ಬೀಗ ಹಾಕೇನಿ, ಚೀಟಿ ಕಟ್ಟೇನಿ, ಕರೆಂಟ್ ಇಲ್ಲಂತ ನೋಡೇನಿ) ಅಂತ ಮೂರೂ ಹೇಳಬೇಕು.

ಮೂರನೇದ್ದು ಪಾವ್‌ದಿಯೆನ್. ‘ಎಲೆಕ್ಟ್ರಿಸಿಟಿ ರನ್ಸ್’ ಅಂತ ತರ್ಜುಮೆ ಆಗಿ ಬಂದ್ರ ಕರೆಂಟ್ ಐತಿ ಅಂತ ತಿಳ್ಕೋಬ್ಯಾಡ್ರಿ, ಅಂವ ಹೇಳಾಕತ್ತಿದ್ದು ಮಷಿನ್ನಿನ ಮೈಗೆ ಕರೆಂಟ್ ಬಂದೈತಿ ಅಂತ. ಇದಕ್ಕ ‘ಕರೆಂಟ್ ಈಸ್ ಲೀಕಿಂಗ್ ಟು ದ ಬಾಡಿ, ಡು ನಾಟ್ ಟಚ್’ ಅನ್ನೋ ವಾಕ್ಯಾನ ಬಾಯಿಪಾಠ ಮಾಡಸ್ರಿ.

ಇನ್ನ ‘ಡ್ರೈ ರನ್’. ನಮ್ಮ ಹಳ್ಳಿಯೊಳಗ ಬೋರಿನ ಪ್ಯಾನಲ್ ಇದ್ದವರಿಗೆಲ್ಲಾ ಗೊತ್ತು, ಡ್ರೈ ರನ್ ಅಂದ್ರ ನೀರಿಲ್ಲದ ಪಂಪ್ ಓಡೋದು, ಆಗ್ಬಾರ್ದು. ಪ್ಯಾಕಿಂಗ್ ಮಷಿನ್ನಿನವ್ರಿಗೆ ಡ್ರೈ ರನ್ ಅಂದ್ರ ಮಾಲಿಲ್ಲದ ಓಡಿಸಿ ನೋಡೋದು, ಆಗ್ಲೇಬೇಕು. ಚೀನೀ ಭಾಷಾದಾಗೂ ಎರಡಕ್ಕೂ ಕೊಂಗ್‌ಜುವಾನ್ ಅಂದುಬಿಡ್ತಾರ, ಖಾಲಿ ತಿರುಗೋದು ಅಂತ. ಲಿಕ್ವಿಡ್ ತುಂಬೋ ಮಷಿನ್ನಿನ್ಯಾಗ ಎರಡೂ ಒಟ್ಟಿಗೆ ಇರ್ತಾವು. ‘ಡು ಎ ಡ್ರೈ ರನ್’ ಅಂದಕೂಡ್ಲೇ ಪಂಪನ್ನೂ ಖಾಲಿ ತಿರುಗಿಸಿದ್ರ ಮೆಕ್ಯಾನಿಕಲ್ ಸೀಲ್ (ಶಾಫ್ಟಿನ ಸುತ್ತ ದ್ರವ ಸೋರದಂಗ ತಡಿಯೋದು) ಹೋತು. ಯಾಕಂದ್ರ ಸೀಲಿನ ಎರಡು ಮುಖದ ನಡುವಿನ ತೆಳು ದ್ರವದ ಪದರಾನ ಅದಕ್ಕ ಎಣ್ಣಿ, ಅದ ತಂಪು. ಅದಿಲ್ಲಾಂದ್ರ ಸ್ವಲ್ಪ ಹೊತ್ತಿನ್ಯಾಗ ಮುಖ ಕಾದು ಬಿರುಕು ಬಿಡ್ತೈತಿ, ಓ-ರಿಂಗ್ ಸುಡ್ತೈತಿ. ಸೂಚನಾ ಹಿಂಗ ಬರಸ್ರಿ: ‘ಟೆಸ್ಟ್ ದ ಮಷಿನ್ ವಿದೌಟ್ ಪ್ರಾಡಕ್ಟ್. ಕೀಪ್ ದ ಪಂಪ್ ಆಫ್.’

ಪ್ಯಾನಲ್ ಮ್ಯಾಲ ‘ರನ್’ ಅಂತಷ್ಟ ಬರದಿರೋದೂ ತೊಂದ್ರಿನ. ಅದು ಬಟನ್ನೋ ದೀಪಾನೋ? ಒತ್ತಿದ್ರ ಓಡ್ತೈತೋ, ಈಗಾಗ್ಲೇ ಓಡಾಕತ್ತೈತೋ? ಬಟನ್ನಿಗೆ ‘ಸ್ಟಾರ್ಟ್’, ದೀಪಕ್ಕ ‘ರನ್ನಿಂಗ್’ ಅಂತ ಲೇಬಲ್ ಹಚ್ಚಿಸ್ರಿ. ಚೀನೀ ಪ್ಯಾನಲ್ಲಿನ ದಿಯೆನ್‌ದೊಂಗ್ ಅನ್ನೋದನ್ನ ಅಕ್ಷರಕ್ಕ ಅಕ್ಷರ ತಿರುಗಿಸಿ ‘ಪಾಯಿಂಟ್ ಮೂವ್’ ಅಂತ ಬರೀಬಾರ್ದು. ಅದು ನಮ್ಮ ಇಂಚಿಂಗ್, ಒತ್ತಿದಷ್ಟು ಹೊತ್ತು ಮಾತ್ರ ಕದಲೋದು. ಇಂಗ್ಲಿಷಿನ್ಯಾಗ ‘ಜಾಗ್’. ಜಾಗಿಂಗ್ ಓಟ ಅಂತ ತಿಳ್ಕೊಂಡು ‘ರನ್’ ಜೊತಿ ಕಲಸ್ಕೋಬಾರ್ದು, ಅದೊಂದು ಹೇಳ್ರಿ.

ವಿದ್ಯಾನಗರ ಟೀಚರ್

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ‘ಕ್ಲೋಸ್ ದ ಸ್ವಿಚ್’ ಉಲ್ಟಾ ಅನ್ನೋದನ್ನು ನಾಳಿನ ಕ್ಲಾಸಿಗೇ ಹಾಕ್ತೀನಿ. ಇನ್ನೆರಡು ಉಳಿದಾವೆ. ಶಾಫ್ಟ್ ರನ್‌ಔಟ್ ಮತ್ತು ‘ರನ್-ಇನ್’, ಇವನ್ನ ನಾನೇ ಸರಿಯಾಗಿ ತಿಳ್ಕೋಬೇಕು. ಮತ್ತೆ ಮಾಸ್ತರ್ರ, ರನ್–ರ್ಯಾನ್–ರನ್ ಕಾಲದ ರೂಪ ಅವರ ಬಾಯಲ್ಲಿ ಕೂಡೋದೇ ಇಲ್ಲ.

ಉತ್ತರ: ಗೋಕುಲ ರೋಡ್ ಮಷಿನ್ ಶಾಪ್, ಹುಬ್ಬಳ್ಳಿ

ಮೇಡಂ, ರನ್‌ಔಟ್ ಅಂದ್ರ ನಮ್ಮ ಕಡೆ ಕ್ರಿಕೆಟ್ ನೆನಪಾಗ್ತದ, ನಿಮ್ಮ ವಿದ್ಯಾರ್ಥಿಗಳಿಗೆ ‘ಖಾಲಿ ಆಯ್ತು’ ನೆನಪಾಗ್ತದ. ಮಷಿನ್ ಶಾಪಿನಲ್ಲಿ ಎರಡೂ ಅಲ್ಲ. ಶಾಫ್ಟ್ ತಿರುಗುವಾಗ ಅದರ ಮೈ ನಡುರೇಖೆಯಿಂದ ಎಷ್ಟು ಆಚೀಚೆ ಆಗುತ್ತದೆ ಅನ್ನೋ ಅಳತೆ. ಚೀನೀ ಡ್ರಾಯಿಂಗಿನಲ್ಲಿ ಇದಕ್ಕೆ ತಿಯಾವ್‌ದೊಂಗ್ ಅಂತ ಇರ್ತದೆ, ಜಿಗಿಯೋದು ಅನ್ನೋ ಅರ್ಥದಲ್ಲಿ. ಆ ಪದ ತೋರಿಸಿಬಿಟ್ಟರೆ ವಿವರಣೆಯೇ ಬೇಡ.

ಅಳೆಯೋದು ಹೀಗೆ: ಡಯಲ್ ಇಂಡಿಕೇಟರನ್ನು ಮ್ಯಾಗ್ನೆಟಿಕ್ ಸ್ಟ್ಯಾಂಡಿಗೆ ಕಟ್ಟಿ, ಅದರ ಮುಟ್ಟುಕಡ್ಡಿಯ ತುದಿ ಶಾಫ್ಟಿಗೆ ನೇರ ಲಂಬವಾಗಿ ಮುಟ್ಟಿಸಿ, ಡಯಲ್ಲಿನ ಮುಳ್ಳನ್ನು ಸೊನ್ನೆಗೆ ತಂದು, ಶಾಫ್ಟನ್ನು ಕೈಯಿಂದ ನಿಧಾನ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಮುಳ್ಳು ಒಂದು ಕಡೆ 0.02, ಇನ್ನೊಂದು ಕಡೆ 0.03 ಮಿಲಿಮೀಟರ್ ಹೋದರೆ ರನ್‌ಔಟ್ 0.05. ಭಾಷೆಯ ತಪ್ಪು ಆಗೋದು ಇಲ್ಲೇ. ಶಾಫ್ಟ್ ದುಂಡಗಿದ್ದು ಕೇಂದ್ರ ಮಾತ್ರ ಸರಿದಿದ್ದರೆ, ಸರಿದ ದೂರ ಇದರ ಅರ್ಧ, 0.025. ಒಬ್ಬ ರನ್‌ಔಟ್ ಹೇಳಿ, ಇನ್ನೊಬ್ಬ ಅದನ್ನೇ ಕೇಂದ್ರ ಸರಿದ ದೂರ ಅಂತ ಬರೆದುಕೊಂಡರೆ ಅಳತೆ ಎರಡು ಪಟ್ಟಾಗ್ತದೆ. ‘ಟೋಟಲ್ ರೀಡಿಂಗ್’ ಅನ್ನೋ ಮಾತು ಸೇರಿಸಿ ಹೇಳಿಸಿ.

‘ರನ್-ಇನ್’ ಅಥವಾ ‘ರನ್ನಿಂಗ್ ಇನ್’ ಅಂದರೆ ಹೊಸ ಗೇರ್‌ಬಾಕ್ಸನ್ನು ಕಮ್ಮಿ ಲೋಡಿನಲ್ಲಿ ಓಡಿಸಿ ಹಲ್ಲುಗಳ ಮೈ ಒಂದಕ್ಕೊಂದು ಕೂಡೋ ಹಾಗೆ ಮಾಡೋದು. ಅವರಲ್ಲಿ ಮೋಹ ಅಂತಾರೆ, ಉಜ್ಜಿ ಹೊಂದಿಕೊಳ್ಳೋದು. ಇದು ‘ಟ್ರಯಲ್ ರನ್’ ಅಲ್ಲ. ಟ್ರಯಲ್ ರನ್ ಮಷಿನ್ ಸರಿಯಿದೆಯೋ ನೋಡಲಿಕ್ಕೆ, ರನ್-ಇನ್ ಮಷಿನ್ನನ್ನು ಸರಿಮಾಡಲಿಕ್ಕೆ. ರನ್-ಇನ್ ಮುಗಿದ ಮೇಲೆ ಎಣ್ಣೆ ಬದಲಿಸಬೇಕು, ಸವೆದ ಸಣ್ಣ ಲೋಹದ ಕಣ ಅದರಲ್ಲೇ ಇರ್ತಾವೆ. ಎರಡನ್ನೂ ಒಂದೇ ಅಂತ ಓದಿದವರು ಆ ಎಣ್ಣೆಯಲ್ಲೇ ಫುಲ್ ಲೋಡ್ ಹಾಕಿಬಿಡ್ತಾರೆ.

ಇನ್ನೊಂದು ಮಾತು. ಒಂದು ಪದಕ್ಕೆ ಒಂದೇ ಅರ್ಥ ಅನ್ನೋ ಕಟ್ಟುಪಾಡನ್ನು ವಿಮಾನ ಉದ್ಯಮದವರು 1986ರಿಂದಲೇ ತಮ್ಮ ಮೆಂಟೆನನ್ಸ್ ಮ್ಯಾನ್ಯುಅಲ್‌ಗಳಿಗೆ ಹಾಕಿಕೊಂಡಿದ್ದಾರೆ. ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅಂತ ಅದರ ಹೆಸರು. ಅದರಲ್ಲಿ ‘ಫಾಲೋ’ ಅಂದರೆ ‘ನಂತರ ಬರೋದು’ ಅಷ್ಟೇ. ಸೂಚನೆ ಪಾಲಿಸು ಅನ್ನಲಿಕ್ಕೆ ‘ಒಬೇ’ಯೇ ಬೇಕು. ನಿಮ್ಮವರು ಬರೆಯುವ ಸರ್ವಿಸ್ ರಿಪೋರ್ಟಿಗೆ ಇದೇ ಪದ್ಧತಿಯಲ್ಲಿ ಇಪ್ಪತ್ತು ಕ್ರಿಯಾಪದದ ಒಂದು ಪುಟ ಮಾಡಿಕೊಡಿ.

ಉತ್ತರ: ಸಪ್ತಾಪುರ ಮಾಸ್ತರ, ಧಾರವಾಡ

ಬ್ಯಾಡಗಿಯವರ ‘ತಪ್ಪಿಸ್ಕೊಂಡು ಹೋತು’ ಅನ್ನೋ ಅರ್ಥವನ್ನು ನನ್ನ ಪಟ್ಟಿಗೂ ಸೇರಿಸಿಕೊಳ್ಳಿ ಮೇಡಂ, ಅದು ಇಲ್ಲದಿದ್ದರೆ ಪಾವ್ ಅರ್ಧವೇ.

ಕಾಲದ ರೂಪದ ಬಗ್ಗೆ: ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸೋದಿಲ್ಲ. ನಿನ್ನೆ, ಈಗ, ನಾಳೆ ಅನ್ನೋ ಪದಗಳೂ ಮುಗಿಯಿತು, ನಡೀತಿದೆ ಅನ್ನೋ ಸಣ್ಣ ಗುರುತುಗಳೂ ಆ ಕೆಲಸ ಮಾಡ್ತವೆ. ಹಾಗಾಗಿ ‘ರನ್’, ‘ರ್ಯಾನ್’ ಅಂತ ಒಂದು ಸ್ವರದ ಮೇಲೆ ಕಾಲವನ್ನು ನಿಲ್ಲಿಸೋದು ಅವರಿಗೆ ಹೊಸದು. ಫೋನಿನಲ್ಲಿ ಆ ಸ್ವರ ನಮಗೂ ಸರಿಯಾಗಿ ಕೇಳೋದಿಲ್ಲ. ಉಚ್ಚಾರ ತಿದ್ದುತ್ತಾ ಕೂರುವ ಬದಲು ಅವರ ಭಾಷೆಯ ರೂಢಿಯನ್ನೇ ಬಳಸಿಕೊಳ್ಳಿ: ಪ್ರತಿ ವಾಕ್ಯದಲ್ಲೂ ಸಮಯ ಕಡ್ಡಾಯ. ‘ಇಟ್ ರ್ಯಾನ್ ಫ್ರಾಮ್ 10:20 ಟು 10:50 ಅಂಡ್ ಸ್ಟಾಪ್ಡ್’ ಅಂದಾಗ ಸ್ವರ ತಪ್ಪಿದರೂ ಅರ್ಥ ತಪ್ಪೋದಿಲ್ಲ. ‘ಹ್ಯಾಸ್ ರನ್’ ಬೇಕಾಗೋದು ಒಟ್ಟು ಗಂಟೆ ಹೇಳುವಾಗ, ‘ದ ಮಷಿನ್ ಹ್ಯಾಸ್ ರನ್ 300 ಅವರ್ಸ್’ ಅಂತ. ಅದನ್ನು ಅವರ್ ಮೀಟರ್ ನೋಡಿ ಬರೆಯುವ ಒಂದೇ ವಾಕ್ಯವಾಗಿ ಕಲಿಸಿ, ವ್ಯಾಕರಣದ ಹೆಸರು ಹೇಳಬೇಡಿ.